ಕಾಗದದಿಂದ ಚಾಚಿದ ಕೈ: ಒಂದು ಪಾಪ್ ವಿಡಿಯೊದ ಕಥನ ಅಧ್ಯಯನ

ಕೆಫೆಯಲ್ಲಿ ಒಬ್ಬ ಹುಡುಗಿ ಕಾಫಿ ಕುಡಿಯುತ್ತಾ ಕಾಮಿಕ್ಸ್ ಓದುತ್ತಿದ್ದಾಳೆ. ಪುಟದ ಮೇಲಿನ ಚಿತ್ರದ ಹುಡುಗ ಅವಳನ್ನು ನೋಡಿ ಕಣ್ಣು ಹೊಡೆಯುತ್ತಾನೆ. ಸ್ವಲ್ಪ ಹೊತ್ತಿಗೆ ಪುಟದೊಳಗಿಂದ ಒಂದು ಕೈ ಎದ್ದು ಬರುತ್ತದೆ. ಮೈಬಣ್ಣ ಇಲ್ಲ, ಬರೀ ಪೆನ್ಸಿಲ್ ಗೆರೆ. ಬಾ ಎಂದು ಕರೆಯುವ ಹಾಗೆ ಚಾಚಿಕೊಂಡಿದೆ. ಅವಳು ಆ ಕೈ ಹಿಡಿಯುತ್ತಾಳೆ, ಪುಟದೊಳಗೆ ಹೋಗಿಬಿಡುತ್ತಾಳೆ.

ನಾರ್ವೆಯ ಆ-ಹಾ ತಂಡದ 'ಟೇಕ್ ಆನ್ ಮಿ' ಹಾಡಿನ 1985ರ ವಿಡಿಯೊ ಇದು. ನಿರ್ದೇಶಕ ಸ್ಟೀವ್ ಬ್ಯಾರನ್. ಕಥೆಗಳನ್ನು ಬಿಚ್ಚಿ ನೋಡಲು ವಿದ್ವಾಂಸರು ಕಟ್ಟಿದ ಸಿದ್ಧಾಂತಗಳನ್ನು ಈ ಸುಮಾರು ನಾಲ್ಕು ನಿಮಿಷದ ವಿಡಿಯೊ ಮೇಲೆ ಒಂದೊಂದಾಗಿ ಇಟ್ಟು ನೋಡುವುದು ಈ ಬರಹದ ಕೆಲಸ. ಆ ಸಿದ್ಧಾಂತಗಳು ಹುಟ್ಟಿದ್ದು ಜನಪದ ಕಥೆ, ಪುರಾಣ, ಕಾದಂಬರಿಗಳಿಂದ. ಅವು ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ನಾನು ವಿಡಿಯೊವನ್ನು ಎರಡು ಸುತ್ತು ನೋಡಿದೆ. ಮೊದಲ ಸುತ್ತು ಸದ್ದು ಪೂರ್ತಿ ಬಂದ್ ಮಾಡಿ, ಎರಡನೆಯ ಸುತ್ತು ಹಾಡಿನ ಜೊತೆ. ಒಂದೇ ವಿಡಿಯೊದಲ್ಲಿ ಎರಡು ಬೇರೆ ಕಥೆ ಸಿಕ್ಕವು. ಅವೆರಡೂ ಸೇರುವ ಜಾಗ ಒಂದೇ ಒಂದು. ಆ ಜಾಗಕ್ಕೆ ಬರಲು ಸ್ವಲ್ಪ ತಾಳ್ಮೆ ಬೇಕು.

ಹಿನ್ನೆಲೆ

ಈ ಹಾಡಿಗೆ ಇದು ಮೊದಲ ವಿಡಿಯೊ ಅಲ್ಲ. 1984ರಲ್ಲಿ ಹಾಡಿನ ಇನ್ನೊಂದು ರೂಪ ಬಂದಿತ್ತು. ಅದರ ವಿಡಿಯೊದಲ್ಲಿ ತಂಡದವರು ನೀಲಿ ಹಿನ್ನೆಲೆಯ ಮುಂದೆ ನಿಂತು ಹಾಡುತ್ತಾರೆ. ಕಥೆ ಎನ್ನುವಂಥದ್ದು ಏನೂ ಇಲ್ಲ. ನಾರ್ವೆಯ ಹೊರಗೆ ಹಾಡು ನಡೆಯಲಿಲ್ಲ. ಆಮೇಲೆ ಅಲನ್ ಟಾರ್ನಿ ನಿರ್ಮಾಣದಲ್ಲಿ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿದರು. ಬ್ಯಾರನ್ ಹೊಸ ವಿಡಿಯೊ ಮಾಡಿದರು. 1985ರ ಅಕ್ಟೋಬರ್‌ನಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. 1986ರ ಎಂಟಿವಿ ಪ್ರಶಸ್ತಿಗಳಲ್ಲಿ ಈ ವಿಡಿಯೊ ಒಂದಕ್ಕೇ ಆರು ಬಂದವು.

ಕಥೆ ಹಾಕಿದ್ದರಿಂದಲೇ ಹಾಡು ಗೆದ್ದಿತು ಎಂದು ಇಲ್ಲಿ ಹೇಳಿಬಿಡುವುದು ಸುಲಭ. ಹಾಗೆ ಹೇಳಬಾರದು. ವಿಡಿಯೊ ಜೊತೆ ಧ್ವನಿಮುದ್ರಣವೂ ಬದಲಾಗಿತ್ತು. ಯಾವುದರಿಂದ ಎಷ್ಟು ಕೆಲಸ ಆಯಿತು ಎಂದು ಬೇರ್ಪಡಿಸಲು ಆಗದು. ನನಗೆ ಮುಖ್ಯ ಅನ್ನಿಸುವುದು ಬೇರೆ. ಒಂದೇ ಸಾಹಿತ್ಯ, ಒಂದೇ ರಾಗ. ಒಂದು ಸಲ ಕಥೆಯಿಲ್ಲದೆ, ಇನ್ನೊಂದು ಸಲ ಕಥೆಯೊಂದಿಗೆ. ಅಂದರೆ ಈ ಕಥೆ ಹಾಡಿನಿಂದ ತಾನಾಗಿ ಬಂದದ್ದಲ್ಲ. ಯಾರೋ ಕೂತು ಯೋಚಿಸಿ ಹೊರಗಿನಿಂದ ತಂದು ಕೂರಿಸಿದ್ದು. ಹಾಗಾಗಿ ಅದನ್ನು ಬೇರೆಯಾಗಿ ಎತ್ತಿ ನೋಡಲು ಬರುತ್ತದೆ.

ಮಾಡಿದ ಬಗೆಯನ್ನೂ ಹೇಳಬೇಕು, ಮುಂದೆ ಅದರಿಂದ ಕೆಲಸ ಇದೆ. ಮೊದಲು ನಿಜವಾದ ನಟರನ್ನಿಟ್ಟು ಚಿತ್ರೀಕರಣ. ಆಮೇಲೆ ಆ ಫಿಲ್ಮಿನ ಒಂದೊಂದು ಚೌಕಟ್ಟಿನ ಮೇಲೂ ಪೆನ್ಸಿಲ್‌ನಿಂದ ಗೆರೆ ಎಳೆಯುವುದು. ಇದಕ್ಕೆ ರೋಟೋಸ್ಕೋಪಿಂಗ್ ಎನ್ನುತ್ತಾರೆ. ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಹೀಗೆ ಸುಮಾರು 3,000 ಚೌಕಟ್ಟುಗಳನ್ನು ಬಿಡಿಸಿದರು. ಅದಕ್ಕೆ 16 ವಾರ ಹಿಡಿಯಿತು. ಹೀಗಾಗಿ ಪರದೆ ಮೇಲಿನ ಪ್ರತಿ ಗೆರೆಯ ಕೆಳಗೂ ಒಬ್ಬ ನಿಜವಾದ ಮನುಷ್ಯ ಇದ್ದಾನೆ. ಗೆರೆ ಒಂದು ಚೌಕಟ್ಟಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಬದಲಾಗುವುದರಿಂದ ಚಿತ್ರ ಸದಾ ನಡುಗುತ್ತಿರುತ್ತದೆ. ನಿಂತಲ್ಲೇ ನಿಂತವನೂ ನಡುಗುತ್ತಾನೆ.

ಸದ್ದಿಲ್ಲದ ಸುತ್ತು

ಹಾಡನ್ನು ತೆಗೆದಿಟ್ಟರೆ ಕಥೆ ಹೀಗಿದೆ. ಮೊದಲು ಕಾಣುವುದು ಪೆನ್ಸಿಲ್ ಚಿತ್ರದ ಸೈಡ್‌ಕಾರ್ ಬೈಕ್ ರೇಸು. ನಾಯಕನ ಬೆನ್ನಿಗೆ ಇಬ್ಬರು ಎದುರಾಳಿಗಳು. ಆಮೇಲೆ ಕೆಫೆ, ಹುಡುಗಿ, ಪುಸ್ತಕ. ಅಲ್ಲಿಗೆ ಬಂದಾಗಲೇ ನಮಗೆ ತಿಳಿಯುವುದು, ಇಷ್ಟು ಹೊತ್ತು ನಾವು ನೋಡಿದ್ದು ಒಂದು ಪುಟ ಎಂದು. ಕೈ ಬರುತ್ತದೆ, ಅವಳು ಒಳಗೆ ಹೋಗುತ್ತಾಳೆ, ತಾನೂ ಗೆರೆಯಾಗುತ್ತಾಳೆ. ಒಳಗೆ ಕನ್ನಡಿಯಂಥ ಒಂದು ಚೌಕಟ್ಟಿದೆ. ಅದರ ಒಂದು ಬದಿಯಲ್ಲಿ ಜನ ನಿಜವಾಗಿ ಕಾಣುತ್ತಾರೆ, ಇನ್ನೊಂದು ಬದಿಯಲ್ಲಿ ಚಿತ್ರವಾಗಿ. ಇಬ್ಬರೂ ಅದರ ಮೂಲಕ ಒಬ್ಬರನ್ನೊಬ್ಬರು ನೋಡುತ್ತಾರೆ.

ಅತ್ತ ಕೆಫೆಯಲ್ಲಿ ವೇಟ್ರೆಸ್ ಬರುತ್ತಾಳೆ. ಹುಡುಗಿ ಇಲ್ಲ. ಬಿಲ್ ಕೊಡದೆ ಹೋದಳು ಎಂದು ಸಿಟ್ಟು ಬಂದು ಕಾಮಿಕ್ಸನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕುತ್ತಾಳೆ. ಇತ್ತ ಪುಟದೊಳಗೆ ಆ ಇಬ್ಬರು ಎದುರಾಳಿಗಳು ಬರುತ್ತಾರೆ. ಒಬ್ಬನ ಕೈಯಲ್ಲಿ ದೊಡ್ಡ ಪೈಪ್ ಸ್ಪ್ಯಾನರ್. ಕನ್ನಡಿ ಒಡೆದುಹೋಗುತ್ತದೆ. ಇವರಿಬ್ಬರೂ ಕಾಗದದ ಗೋಡೆಗಳ ನಡುವೆ ಓಡುತ್ತಾರೆ, ಮುಂದೆ ದಾರಿ ಇಲ್ಲ. ಅವನು ಗೋಡೆಯನ್ನು ಹರಿದು ಅವಳನ್ನು ಆಚೆ ಕಳಿಸುತ್ತಾನೆ, ತಾನು ಅಲ್ಲೇ ಉಳಿಯುತ್ತಾನೆ. ಅವಳು ಎದ್ದೇಳುವುದು ಕೆಫೆಯ ಕಸದ ಬುಟ್ಟಿಯ ಪಕ್ಕದಲ್ಲಿ. ಬುಟ್ಟಿಯಿಂದ ಪುಸ್ತಕ ಎತ್ತಿಕೊಂಡು ಮನೆಗೆ ಓಡುತ್ತಾಳೆ.

ಮೊದಲು ಇದಕ್ಕೆ ಕಥನ ಸಿದ್ಧಾಂತಿ ತ್ಸ್ವೆತಾನ್ ತೊಡೊರೊವ್ ಹೇಳಿದ ಐದು ಹಂತಗಳನ್ನು ಹಚ್ಚೋಣ. ಎಲ್ಲ ಸರಿಯಾಗಿರುವುದು, ಅದು ಕೆಡುವುದು, ಕೆಟ್ಟಿದೆ ಎಂದು ತಿಳಿಯುವುದು, ಸರಿಪಡಿಸಲು ನೋಡುವುದು, ಕೊನೆಗೆ ಹೊಸದೊಂದು ನೆಲೆ ಸಿಗುವುದು. ಹಂತಗಳು ಸಲೀಸಾಗಿ ಕೂರುತ್ತವೆ. ಆದರೆ ಕೆಡುವುದು ಎಲ್ಲಿ ಎಂದು ಕೇಳಿದಾಗ ನಾನು ತಡವರಿಸಿದೆ. ಪುಟದಿಂದ ಕೈ ಬಂದದ್ದು ಅವಳ ದಿನವನ್ನು ಅಲುಗಾಡಿಸಿತು, ನಿಜ. ಆದರೆ ಅದು ಕರೆ, ಕೇಡಲ್ಲ. ಕೇಡು ಶುರುವಾಗುವುದು ವೇಟ್ರೆಸ್ ಕೈಯಲ್ಲಿ. ಅವಳಿಗೆ ಅದು ಒಂದು ಹಳೆಯ ಕಾಗದದ ಮುದ್ದೆ. ಒಳಗಿದ್ದವರಿಗೆ ಲೋಕವೇ ಮಡಚಿಕೊಂಡ ಹಾಗೆ. ಒಂದೇ ಕೆಲಸ ಹೊರಗೆ ಸಣ್ಣದು, ಒಳಗೆ ಪ್ರಳಯ. ತೊಡೊರೊವ್‌ನ ಹಂತಗಳು ಒಂದೇ ಲೋಕದ ಒಳಗೆ ಸಾಗುತ್ತವೆ. ಇಲ್ಲಿ ಎರಡು ಲೋಕಗಳಿವೆ, ಎರಡಕ್ಕೂ ಬೇರೆ ಬೇರೆ ಅಳತೆಗಳಿವೆ.

ಸರಿಪಡಿಸುವ ಹಂತವನ್ನಂತೂ ನಾನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಮನೆಗೆ ಬಂದ ಹುಡುಗಿ ಮುದ್ದೆಯಾದ ಪುಟಗಳನ್ನು ಬಿಡಿಸಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆಯುತ್ತಾಳೆ. ಮುಂದೇನಾಯಿತು ಎಂದು ಅವಳಿಗೆ ಓದಬೇಕು. ಓದಬೇಕಾದರೆ ಪುಟ ಸಮ ಆಗಬೇಕು. ಜನಪದ ಕಥೆಯ ನಾಯಕ ಕತ್ತಿ ಹಿಡಿದು ಮಾಡುವ ಕೆಲಸವನ್ನು ಇವಳು ಅಂಗೈಯಿಂದ ಮಾಡುತ್ತಾಳೆ. ಅವಳು ಆ ಹೊತ್ತಿನಲ್ಲಿ ಪಾತ್ರವೂ ಹೌದು, ಓದುಗಳೂ ಹೌದು. ಹರಿದ ಪುಟವನ್ನು ಅಂಟಿಸಿಕೊಂಡು ಓದಿದ ಯಾರಿಗಾದರೂ ಆ ಅಂಗೈ ಅರ್ಥವಾಗುತ್ತದೆ, ಅಲ್ವಾ?

ನಾಯಕ ಯಾರು?

ಜನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಸುಮಾರು ನೂರು ರಷ್ಯನ್ ಮಾಯಾಕಥೆಗಳನ್ನು ಬಿಡಿಸಿ ನೋಡಿ, ಕಥೆಯನ್ನು ಮುಂದೆ ಸಾಗಿಸುವ 31 ಕಾರ್ಯಗಳನ್ನೂ ಏಳು ಪಾತ್ರಗಳನ್ನೂ ಗುರುತಿಸಿದ. ನಾಯಕ, ಖಳ, ಸಹಾಯಕ, ಮಾಯಾವಸ್ತು ಕೊಡುವವನು, ನಾಯಕ ಹುಡುಕಿ ಹೋಗುವ ರಾಜಕುಮಾರಿ, ಹೀಗೆ. ಮ್ಯೂಸಿಕ್ ವಿಡಿಯೊಗಳಿಗೆ ಪ್ರಾಪ್‌ನನ್ನು ಹಚ್ಚುವವರು ಜಾಸ್ತಿ ಮಾಡುವ ತಪ್ಪು ಒಂದಿದೆ. ಹಾಡುಗಾರ ಕಂಡ ಕೂಡಲೇ ಅವನ ಹಣೆಗೆ 'ನಾಯಕ' ಎಂದು ಚೀಟಿ ಅಂಟಿಸುತ್ತಾರೆ. ಪುಟದ ಹುಡುಗನಾಗಿ ಕಾಣುವ ತಂಡದ ಗಾಯಕ ಮಾರ್ಟನ್ ಹಾರ್ಕೆಟ್ ಹಾಡುತ್ತಾನೆ, ರೇಸ್ ಓಡಿಸುತ್ತಾನೆ, ಖಳನಿಗೆ ಗುದ್ದುತ್ತಾನೆ. ನಾಯಕನೇ ಅಲ್ಲವೇ ಎನ್ನಿಸುತ್ತದೆ.

ಪ್ರಾಪ್ ಕೇಳಿದ್ದು ಯಾರು ಮುಖ್ಯ ಎಂದಲ್ಲ, ಯಾರು ಏನು ಮಾಡುತ್ತಾರೆ ಎಂದು. ಹಾಗೆ ಕೇಳಿದರೆ ಲೆಕ್ಕ ತಿರುಗಿಬಿಡುತ್ತದೆ. ತನ್ನ ಜಾಗ ಬಿಟ್ಟು ಬೇರೆ ಲೋಕಕ್ಕೆ ಹೋಗುವುದು ಯಾರು? ಹುಡುಗಿ. ಅಲ್ಲಿ ಬೆನ್ನಟ್ಟಿಸಿಕೊಂಡು, ತಪ್ಪಿಸಿಕೊಂಡು ವಾಪಸ್ ಬರುವುದು ಯಾರು? ಹುಡುಗಿ. ಕಳೆದುಹೋದದ್ದನ್ನು ಪಡೆಯಲು ಕೊನೆಯವರೆಗೂ ಬಿಡದೆ ಹಿಡಿಯುವುದು? ಅವಳೇ. ಅವನು ಪುಟದೊಳಗೆ ಸಿಕ್ಕಿಬಿದ್ದವನು, ಪಡೆಯಬೇಕಾದವನು. ಪ್ರಾಪ್‌ನ ಪಟ್ಟಿಯಲ್ಲಿ ಅದು ರಾಜಕುಮಾರಿಯ ಜಾಗ. ಗೋಡೆ ಹರಿದು ಅವಳನ್ನು ಕಳಿಸುವಾಗ ಅವನು ಸಹಾಯಕ. ಒಬ್ಬನೇ ಎರಡು ಮೂರು ಪಾತ್ರದ ಕೆಲಸ ಮಾಡಬಹುದು ಎಂದು ಪ್ರಾಪ್ ಒಪ್ಪುತ್ತಾನೆ. ಹಾಗಾಗಿ ಇಲ್ಲಿ ಸಿದ್ಧಾಂತ ಮುರಿಯುವುದಿಲ್ಲ. ಮುರಿಯುವುದು ನಮ್ಮ ಮೊದಲ ಅನಿಸಿಕೆ.

ಇದರಲ್ಲಿ ಇನ್ನೊಂದು ಮಾತೂ ಸೇರಿದೆ. 1975ರಲ್ಲಿ ಸಿನಿಮಾ ಸಿದ್ಧಾಂತಿ ಲಾರಾ ಮಲ್ವಿ ಸಿನಿಮಾ ಬಗ್ಗೆ ಬರೆದರು: ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಪಾಪ್ ವಿಡಿಯೊಗಳ ಮೇಲೆ ಆ ಮಾತು ಎಷ್ಟು ಸಲ ನಿಜವಾಗಿದೆ! ಈ ವಿಡಿಯೊದಲ್ಲಿ ಪುಸ್ತಕ ಹಿಡಿದು ನೋಡುವವಳು ಹುಡುಗಿ. ಅವಳ ಕಣ್ಣಿಗಾಗಿ ಬಿಡಿಸಿಟ್ಟ ಚಿತ್ರ ಅವನು. ಆದರೆ ಅವನು ಸುಮ್ನೆ ನೋಡಿಸಿಕೊಂಡು ಕೂರುವುದಿಲ್ಲ. ಕಣ್ಣು ಹೊಡೆಯುತ್ತಾನೆ. ನೋಡಿಸಿಕೊಳ್ಳುವವನು ತಿರುಗಿ ನೋಡಿದ ಆ ಕ್ಷಣದಿಂದಲೇ ಕಥೆ ಶುರುವಾಗುವುದು.

ಮಾನವಶಾಸ್ತ್ರಜ್ಞ ಕ್ಲಾದ್ ಲೆವಿ-ಸ್ಟ್ರಾಸ್ ಪುರಾಣಗಳಲ್ಲಿ ಕಂಡ ಜೋಡಿ ವಿರೋಧಗಳು ಇಲ್ಲಿ ಹುಡುಕದೆಯೇ ಸಿಗುತ್ತವೆ. ಗೆರೆ ಮತ್ತು ಮೈ, ಕಪ್ಪು-ಬಿಳುಪು ಮತ್ತು ಬಣ್ಣ, ಪುಟ ಮತ್ತು ಕೋಣೆ. ಇವುಗಳ ಪಟ್ಟಿ ಮಾಡಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಅವನು ಹೇಳಿದ್ದರ ತಿರುಳು ಎರಡರ ನಡುವೆ ನಿಲ್ಲುವ ವಸ್ತುವಿನಲ್ಲಿದೆ. ಇಲ್ಲಿ ಕೈ, ಕನ್ನಡಿ, ಹರಿದ ಕಾಗದ ಮೂರೂ ನಡುವಿನವೇ. ಮೂರೂ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಗಡಿ ದಾಟುವುದು

ಫ್ರೆಂಚ್ ಸಾಹಿತ್ಯ ಸಿದ್ಧಾಂತಿ ಜೆರಾರ್ ಜೆನೆಟ್ 1972ರಲ್ಲಿ ಕೊಟ್ಟ ಎರಡು ಪರಿಕಲ್ಪನೆಗಳು ಈ ವಿಡಿಯೊಗೆ ಬೇರೆಲ್ಲಕ್ಕಿಂತ ಹತ್ತಿರ ಬರುತ್ತವೆ. ಒಂದು ಮೆಟಲೆಪ್ಸಿಸ್. ಕಥೆ ಹೇಳುವ ಲೋಕ ಮತ್ತು ಕಥೆಯೊಳಗಿನ ಲೋಕದ ನಡುವೆ ಒಂದು ಗಡಿ ಇರುತ್ತದೆ. ಓದುಗ ಓದುತ್ತಾನೆ, ಪಾತ್ರ ಪುಟದಲ್ಲಿರುತ್ತದೆ, ಒಬ್ಬರು ಇನ್ನೊಬ್ಬರ ಕಡೆ ಕಾಲಿಡುವುದಿಲ್ಲ. ಆ ಗಡಿ ದಾಟಿದರೆ ಅದು ಮೆಟಲೆಪ್ಸಿಸ್. 'ಟೇಕ್ ಆನ್ ಮಿ' ವಿಡಿಯೊದ ಇಡೀ ಕಥೆಯೇ ಇದು. ಮೊದಲು ಓದುಗಳು ಒಳಗೆ ಹೋಗುತ್ತಾಳೆ. ಕೊನೆಗೆ ಪಾತ್ರ ಹೊರಗೆ ಬರುತ್ತದೆ.

ಇವೆರಡೂ ಒಂದೇ ಬಗೆಯ ದಾಟುವಿಕೆ ಅಲ್ಲ. ಒಳಗೆ ಹೋಗುವುದು ಸುಲಭ. ಕೈ ಹಿಡಿದಳು, ಹೋದಳು. ಕಥೆಯಲ್ಲಿ ಮುಳುಗುವ ಓದುಗರೆಲ್ಲ ಮಾಡುವುದು ಅದನ್ನೇ. ಪಾತ್ರ ಹೊರಗೆ ಬರುವುದು ಮಾತ್ರ ಮೈ ಮುರಿಯುವ ಕೆಲಸ. ಮನೆಯಲ್ಲಿ ಅವಳು ಸುಕ್ಕು ಬಿಡಿಸಿದ ಪುಟದಲ್ಲಿ ಅವನು ಸತ್ತವನಂತೆ ಬಿದ್ದಿದ್ದಾನೆ. ಅವಳು ಅಳುತ್ತಾಳೆ. ಅವನು ಎದ್ದೇಳುತ್ತಾನೆ, ಚಿತ್ರದ ಚೌಕಟ್ಟಿಗೆ ಮೈ ಬಡಿಯುತ್ತಾನೆ. ಅದೇ ಹೊತ್ತಿಗೆ ಅವಳ ಮನೆಯ ಓಣಿಯಲ್ಲಿ ಅವನ ರೂಪ ಕಾಣಿಸಿಕೊಳ್ಳುತ್ತದೆ. ಎಡಗೋಡೆಗೆ ಬಡಿದುಕೊಂಡರೆ ಗೆರೆ, ಬಲಗೋಡೆಗೆ ಬಡಿದುಕೊಂಡರೆ ಮೈ, ಮತ್ತೆ ಗೆರೆ, ಮತ್ತೆ ಮೈ. ಮುಂಚೆ ಹೇಳಿದ ನಡುಕ ನೆನಪಿರಲಿ. ಪೆನ್ಸಿಲ್ ಗೆರೆ ಹೇಗೂ ನಡುಗುತ್ತದೆ, ಅದು ಕೈಯಿಂದ ಬಿಡಿಸುವ ತಂತ್ರದ ಗುಣ. ಓಣಿಗೆ ಬಂದಾಗ ಆ ತಂತ್ರದ ನಡುಕ ಪಾತ್ರದ ಸಂಕಟವಾಗಿಬಿಡುತ್ತದೆ.

ಜೆನೆಟ್‌ನ ಎರಡನೆಯ ಪರಿಕಲ್ಪನೆ ಒಂದು ಸರಳ ಪ್ರಶ್ನೆ. ಯಾರು ಹೇಳುತ್ತಿದ್ದಾರೆ, ಯಾರು ನೋಡುತ್ತಿದ್ದಾರೆ? ಇಬ್ಬರೂ ಒಬ್ಬರೇ ಆಗಬೇಕಿಲ್ಲ. ಸದ್ದಿಲ್ಲದ ಸುತ್ತಿನಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ನೋಡುವವಳು ಹುಡುಗಿ. ಅವಳು ಕಂಡಷ್ಟನ್ನು, ಅವಳಿಗೆ ಭಯವಾದ ಹೊತ್ತಿನಲ್ಲಿ, ನಾವೂ ಕಾಣುತ್ತೇವೆ. ಹೇಳುವವನು ಯಾರು ಎಂದು ತಿಳಿಯಬೇಕಾದರೆ ಸದ್ದು ಹಾಕಬೇಕು.

ಹಾಡಿನ ಜೊತೆ

ಸದ್ದು ಹಾಕಿದ ಕೂಡಲೇ ಒಬ್ಬ 'ನಾನು' ಬರುತ್ತಾನೆ. ಹಾಡು 'ನೀನು' ಎಂಬ ಒಬ್ಬಳಿಗೆ ಹೇಳುವ ಕೋರಿಕೆ. ಏನು ಹೇಳಬೇಕೋ ಗೊತ್ತಿಲ್ಲ, ಆದರೂ ಹೇಳುತ್ತೇನೆ, ನನ್ನನ್ನು ಒಪ್ಪಿಕೋ ಎನ್ನುವ ಧಾಟಿ. ರೇಸು, ಕಾಮಿಕ್ಸ್, ಕೆಫೆ, ಕನ್ನಡಿ ಯಾವುದೂ ಸಾಹಿತ್ಯದಲ್ಲಿಲ್ಲ. ಹಾಡು ಕಥೆ ಹೇಳುವುದೇ ಇಲ್ಲ, ಕೇಳಿಕೊಳ್ಳುತ್ತದೆ ಅಷ್ಟೇ. ಹೀಗೆ ಒಂದು ಜಾಣ ಹೊಂದಾಣಿಕೆ ಆಗಿದೆ. ದನಿ ಅವನದು, ಕಣ್ಣು ಅವಳದು. ಕೇಳಿಕೊಳ್ಳುವುದು ಅವನ ಪಾಲು, ಆ ಕೋರಿಕೆಗೆ ಉತ್ತರವಾಗಿ ನಡೆಯುವುದೆಲ್ಲ ಅವಳ ಪಾಲು. ಬರೀ ಹಾಡು ಕೇಳಿದರೆ 'ನೀನು' ಏನೂ ಮಾಡುವುದಿಲ್ಲ, ಅವಳಿಗೆ ಮುಖವೂ ಇಲ್ಲ. ವಿಡಿಯೊ ಆ 'ನೀನು'ಗೆ ಕೈಕಾಲು ಕೊಟ್ಟಿತು, ಓಡಿಸಿತು, ಅಳಿಸಿತು.

ಇನ್ನು ಕಾಲದ ವಿಷಯ. ಕಥೆ ಮುಂದಕ್ಕೆ ಹೋಗುತ್ತದೆ. ಕನ್ನಡಿ ಒಡೆದ ಮೇಲೆ ಒಡೆದದ್ದೇ. ಹಾಡು ಹಾಗಲ್ಲ. ಚರಣ ಮುಗಿಸಿ ಪಲ್ಲವಿಗೆ ಬರುತ್ತದೆ, ಮತ್ತೆ ಚರಣ, ಮತ್ತೆ ಅದೇ ಪಲ್ಲವಿ. ಒಂದು ನೆಟ್ಟಗೆ ಓಡುತ್ತದೆ, ಇನ್ನೊಂದು ಸುತ್ತುತ್ತದೆ. ಕಥೆ ಇರುವ ಹೆಚ್ಚಿನ ಮ್ಯೂಸಿಕ್ ವಿಡಿಯೊಗಳು ಇಲ್ಲೇ ಸೋಲುತ್ತವೆ ಎಂದು ನನ್ನ ಅಭಿಪ್ರಾಯ. ಪಲ್ಲವಿ ಬಂದಾಗ ಕಥೆ ನಿಂತು ತಂಡವನ್ನು ತೋರಿಸುತ್ತದೆ, ಪಲ್ಲವಿ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಎರಡಕ್ಕೂ ಸಂಬಂಧ ಇರುವುದಿಲ್ಲ. ಈ ವಿಡಿಯೊದಲ್ಲೂ ತಂಡದ ಉಳಿದಿಬ್ಬರು ವಾದ್ಯ ಹಿಡಿದು ಆಗಾಗ ಕಾಣುತ್ತಾರೆ. ಕಥೆಯಲ್ಲಿ ಅವರಿಗೆ ಕೆಲಸವಿಲ್ಲ. ಪ್ರಾಪ್‌ನ ಏಳು ಪಾತ್ರಗಳಲ್ಲಿ ಅವರಿಗೆ ಜಾಗವೂ ಇಲ್ಲ. ಮ್ಯೂಸಿಕ್ ವಿಡಿಯೊದಲ್ಲಿ ಹೀಗೆ ಕಥೆಗೆ ಸೇರದ, ಆದರೆ ಹಾಡಿಗೆ ಬೇಕೇಬೇಕಾದ ಒಂದು ಪದರ ಯಾವಾಗಲೂ ಇರುತ್ತದೆ.

ಆದರೆ ಓಣಿಯ ದೃಶ್ಯಕ್ಕೆ ಬನ್ನಿ. ಅಲ್ಲಿ ಹಾಡು ಕೊನೆಯ ಭಾಗದಲ್ಲಿದೆ, ಪಲ್ಲವಿಯ ಮಾತೇ ಮತ್ತೆ ಮತ್ತೆ ಬರುತ್ತದೆ. ಪರದೆ ಮೇಲೆ ಅವನು ಅದೇ ಗೋಡೆಗಳಿಗೆ ಮತ್ತೆ ಮತ್ತೆ ಬಡಿದುಕೊಳ್ಳುತ್ತಾನೆ. ಇಡೀ ವಿಡಿಯೊದಲ್ಲಿ ಕಥೆಯೂ ಸುತ್ತಲು ಶುರುಮಾಡುವುದು ಇಲ್ಲಿ ಮಾತ್ರ. ಎರಡು ಗಡಿಯಾರಗಳು ಒಂದೇ ಹೊತ್ತು ತೋರಿಸುವ ಜಾಗ ಇದು. ಹಾಡಿನಲ್ಲಿ ಪಲ್ಲವಿ ಬರುವುದು ಅದು ರೂಢಿ ಎಂದು. ಓಣಿಯಲ್ಲಿ ಅದೇ ಪಲ್ಲವಿ ಒಂದೊಂದು ಯತ್ನವಾಗುತ್ತದೆ. ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಎನ್ನುವ ಹಾಗೆ.

ಈ ಪಲ್ಲವಿಯ ರಾಗವನ್ನೂ ಕಿವಿಗೊಟ್ಟು ಕೇಳಬೇಕು. ಅದು ತೀರ ಕೆಳಗಿನ ಸ್ವರದಲ್ಲಿ ಶುರುವಾಗಿ, ಸಾಲಿನಿಂದ ಸಾಲಿಗೆ ಏರುತ್ತಾ, ಕೊನೆಯ ಪದಕ್ಕೆ ತುತ್ತತುದಿಯ ತೆಳ್ಳನೆಯ ದನಿಗೆ ಮುಟ್ಟುತ್ತದೆ. ಎರಡೂವರೆ ಸ್ಥಾಯಿಗಿಂತ ಜಾಸ್ತಿ ಏರಿಕೆ. ಒಬ್ಬ ಮನುಷ್ಯನ ಗಂಟಲು ತನ್ನ ಮಿತಿಗೆ ಹೋಗಿ ಆಚೆ ಕೈ ಚಾಚುವುದು ಅಲ್ಲಿ ಕೇಳಿಸುತ್ತದೆ. ಕಥೆಯನ್ನು ಹೊರಗಿನಿಂದ ತಂದು ಕೂರಿಸಿದ್ದು ಎಂದು ಮೊದಲು ಬರೆದೆ. ಸಾಹಿತ್ಯದ ಮಟ್ಟಿಗೆ ಆ ಮಾತು ಸರಿ. ರಾಗದ ಮಟ್ಟಿಗೆ ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಪುಟದಿಂದ ಮೇಲೇಳುವ ಕೈ ರಾಗದಲ್ಲಿ ಮೊದಲೇ ಇತ್ತು.

ಮ್ಯೂಸಿಕ್ ವಿಡಿಯೊ ಬಗ್ಗೆ 1992ರಲ್ಲಿ ಬರೆದ ಆಂಡ್ರ್ಯೂ ಗುಡ್‌ವಿನ್, ಚಿತ್ರಕ್ಕೂ ಹಾಡಿಗೂ ಮೂರು ಬಗೆಯ ಸಂಬಂಧ ಗುರುತಿಸಿದರು. ಹಾಡು ಹೇಳಿದ್ದನ್ನೇ ತೋರಿಸುವುದು, ಹಾಡಿಗೆ ಹೊಸ ಅರ್ಥ ಸೇರಿಸಿ ಹಿಗ್ಗಿಸುವುದು, ಹಾಡಿಗೂ ಚಿತ್ರಕ್ಕೂ ಸಂಬಂಧ ಇಲ್ಲದಿರುವುದು ಅಥವಾ ಒಂದು ಇನ್ನೊಂದಕ್ಕೆ ಎದುರಾಗಿ ಹೋಗುವುದು. ಈ ವಿಡಿಯೊ ಎರಡನೆಯದು ಎಂದು ಬರೆದು ಮುಗಿಸಬಹುದಿತ್ತು. ಆದರೆ ರಾಗ ತುತ್ತತುದಿಗೆ ಏರುವ ಆ ಕೊನೆಯ ಸಾಲಿನಲ್ಲಿ ಹಾಡು ಏನು ಹೇಳುತ್ತಿದೆ ನೋಡಿ. ಒಂದೆರಡು ದಿನದಲ್ಲಿ ನಾನು ಹೋಗಿಬಿಟ್ಟಿರುತ್ತೇನೆ ಎನ್ನುತ್ತದೆ. ಪ್ರತಿ ಪಲ್ಲವಿಯೂ ಮುಗಿಯುವುದು ಈ ಮಾತಿನಲ್ಲೇ. ವಿಡಿಯೊ ಮುಗಿಯುವುದು ಹೇಗೆ? ಅವನು ಓಣಿಯಲ್ಲಿ ಪೂರ್ತಿ ಮನುಷ್ಯನಾಗಿ ನಿಲ್ಲುತ್ತಾನೆ, ಅವಳು ಓಡಿಬರುತ್ತಾಳೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ತೊಡೊರೊವ್‌ನ ಹೊಸ ನೆಲೆ, ಪ್ರಾಪ್‌ನ ಪಟ್ಟಿಯ ಕೊನೆಯ ಕಾರ್ಯವಾದ ಮದುವೆ, ಎರಡೂ ಸಿಕ್ಕವು. ಕಣ್ಣು 'ಬಂದ' ಎನ್ನುತ್ತಿದೆ, ಕಿವಿ 'ಹೋಗುತ್ತೇನೆ' ಎಂದು ಕೇಳುತ್ತಿದೆ.

ನಾನು ಮೊದಲ ಸಲ ಟಿಪ್ಪಣಿ ಮಾಡಿದಾಗ ಇದನ್ನು ವಿಡಿಯೊದ ಒಂದು ದೋಷ ಎಂದು ಬರೆದಿದ್ದೆ. ಕಥೆ ಹಾಡನ್ನು ಕೇಳಿಸಿಕೊಳ್ಳದೆ ಸುಖಾಂತ ಮಾಡಿಬಿಟ್ಟಿತು ಎಂದು. ತಂಡದ ಮುಂದಿನ ವಿಡಿಯೊ ನೋಡಿದ ಮೇಲೆ ಆ ಸಾಲನ್ನು ಹೊಡೆದು ಹಾಕಿದೆ.

'ದ ಸನ್ ಆಲ್ವೇಸ್ ಶೈನ್ಸ್ ಆನ್ ಟಿ.ವಿ.' ಹಾಡಿನ ವಿಡಿಯೊ ಕೂಡ ಬ್ಯಾರನ್ ಮಾಡಿದ್ದೇ. ಅದು ಶುರುವಾಗುವುದು ಹಿಂದಿನ ಕಥೆ ನಿಂತ ಜಾಗದಿಂದ. ರಾತ್ರಿ, ಮರಗಳ ನಡುವೆ ಅವನೂ ಅವಳೂ ಎದುರುಬದುರು ನಿಂತಿದ್ದಾರೆ. ನೋಡನೋಡುತ್ತಿದ್ದಂತೆ ಅವನ ಮೈ ಮೇಲೆ ಮತ್ತೆ ಪೆನ್ಸಿಲ್ ಗೆರೆಗಳು ಮೂಡುತ್ತವೆ. ಅವನು ಸಂಕಟದಿಂದ ತಿರುಗಿ ಓಡಿಹೋಗುತ್ತಾನೆ. ಅವಳು ಒಬ್ಬಳೇ ಉಳಿಯುತ್ತಾಳೆ. ಸಿನಿಮಾ ಮುಗಿದಾಗ ಬರುವ ಹಾಗೆ ಪರದೆ ಮೇಲೆ 'ದಿ ಎಂಡ್' ಎಂದು ಬರುತ್ತದೆ. ಹೊಸ ಹಾಡು ಶುರುವಾಗುವುದು ಅದಾದ ಮೇಲೆ.